ಅಭಯದಾನದ ಅರ್ಥ

ಅನ್ನ, ಔಷಧ, ವಿದ್ಯೆ, ಅಭಯ ಎಂಬ ಚತುರ್ವಿಧ ದಾನಗಳನ್ನು ಶ್ರೀಕ್ಷೇತ್ರ ಧರ್ಮಸ್ಥಳವು ತನ್ನ ವ್ರತವಾಗಿ ಸ್ವೀಕರಿಸಿರುವುದು ನಾಡಿಗೆಲ್ಲ ವಿದಿತವಾದ ಸಂಗತಿ. ಇವುಗಳಲ್ಲಿ ಮೊದಲಿನ ಮೂರರ ಅರ್ಥ ಎಲ್ಲರಿಗೂ ಸುಲಭವಾಗಿ ಹೊಳೆಯುತ್ತದೆ. ಅಭಯದಾನದ ಅರ್ಥವಾದರೋ, ಕಠಿಣ ವ್ಯಾಧಿಯ ಚಿಕಿತ್ಸೆಗಾಗಿ ಮನೆಗೆ ಬೀಗ ಹಾಕಿ ಪರಊರಿಗೆ ಹೊರಟವನಿಗೆ ತಿಳಿದಷ್ಟು ಶಾಸ್ತ್ರವನ್ನೋದಿದವನಿಗೂ ತಿಳಿಯಲಾರದು.

ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಮಹಾವಿದ್ಯಾಲಯವು 1953ರಲ್ಲಿಯೂ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯು 1973ರಲ್ಲಿಯೂ ಆರಂಭವಾದವು. ಚಾರ್ಮಾಡಿ ಘಟ್ಟವನ್ನಿಳಿದು ಕರಾವಳಿಗೆ ಬರುವ, ಬಯಲುಸೀಮೆಯಿಂದ ರಾಜಧಾನಿಗೆ ಹೋಗುವ ರೋಗಿಗಳ ಯಾತ್ರೆ ಇಂದಿಗೂ ನಿಂತಿಲ್ಲ. ಅರ್ಬುದರೋಗದ ವಿಕಿರಣ ಚಿಕಿತ್ಸೆ ಹಲವೊಮ್ಮೆ ವಾರಗಟ್ಟಲೆ ನಡೆಯುತ್ತದೆ. ಮೂತ್ರಪಿಂಡ ಸೋತವರಿಗೆ ಡಯಾಲಿಸಿಸ್ ವಾರಕ್ಕೆ ಎರಡು ಮೂರು ಬಾರಿ ಆಗಬೇಕು. 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯು ಸಹಕಾರಿ ಸಂಘಗಳ ರೈತರಿಗೆ ಶಸ್ತ್ರಚಿಕಿತ್ಸೆಯ ಹೊರೆಯನ್ನು ತಗ್ಗಿಸಿತು. ಆದರೆ ಜೊತೆಗೆ ಬಂದವರ ಬಿಡಾರದ ಬಾಡಿಗೆ, ಎರಡು ಹೊತ್ತಿನ ಊಟ, ಇರುಳು ತಲೆಯಿಡುವ ತಾಣ ಇವು ಇಂತಹ ಯೋಜನೆಗಳ ಲೆಕ್ಕದಲ್ಲಿ ಸಾಮಾನ್ಯವಾಗಿ ಸೇರವು.

ಇಂತಹ ವೇಳೆಯಲ್ಲಿ ನಿರೀಕ್ಷಿಸದ ಕಡೆಯಿಂದ ಕರುಣೆ ಬರುತ್ತದೆ. ಗಂಜಿ ಕಾಯಿಸಿಕೊಳ್ಳಲು ತನ್ನ ಒಲೆಯನ್ನೇ ಬಿಟ್ಟುಕೊಡುವ ಗೃಹಿಣಿ, ಮುಂಗಡ ಕೇಳದೆ ಕೋಣೆಯ ಬೀಗದಕೈ ಕೊಡುವ ಯಜಮಾನ, ಚೀಟಿ ಮಾಡಿಸಲು ಸಾಲಿನಲ್ಲಿ ನಿಲ್ಲುವ ಪಕ್ಕದ ಮಂಚದವರ ಮಗ ಇವರಾರೂ ವೈದ್ಯರಲ್ಲ, ವ್ಯಾಧಿಯನ್ನು ಗುಣಪಡಿಸಲಾರರು. ಆದರೂ ಭಯವನ್ನು ಕಳೆಯಬಲ್ಲರು. ಅಭಯವೆಂದರೆ ಇದೇ.

ಆಕಸ್ಮಿಕವಾದ ಕರುಣೆಯನ್ನು ನಂಬಿ ಸಮಾಜ ನಡೆಯಲಾರದು, ಶಾಶ್ವತವಾದ ಏರ್ಪಾಡು ಬೇಕು ಎಂದು ಕೆಲವರು ವಾದಿಸುವರು. ವಾದ ಯುಕ್ತವೇ ಆಗಿದೆ. ದೇವರು ಶೈವ, ಅರ್ಚಕರು ವೈಷ್ಣವರು, ಆಡಳಿತ ನಡೆಸುವ ಹೆಗ್ಗಡೆಯವರ ಮನೆತನ ಜೈನ. ಇಂತಹ ಕ್ಷೇತ್ರದ ಅನ್ನಪೂರ್ಣ ಛತ್ರದಲ್ಲಿ ಬಂದವರೆಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ಒಬ್ಬರ ಅದೃಷ್ಟವಾಗಿದ್ದುದನ್ನು ಎಲ್ಲರ ಪಾಲಿಗೆ ನಿಶ್ಚಯವಾಗಿಸಿದುದೇ ಇಂತಹ ಸಂಸ್ಥೆಗಳ ಹಿರಿಮೆ. ಆದರೆ ಅರ್ಜಿ, ಶಿಫಾರಸು, ಮುದ್ರೆಗಳ ನಡುವೆ ಬಡವನನ್ನು ಅಲೆದಾಡಿಸುವ ಏರ್ಪಾಡಿನಲ್ಲಿ ಅನ್ನ ಸಿಕ್ಕೀತು, ಅಭಯ ಸಿಕ್ಕದು. ದಾಸೋಹವೆಂಬ ಮಾತಿನಲ್ಲಿ ಕೊಡುವವನೇ ಕಿಂಕರನೆಂಬುದನ್ನು ಮರೆಯಬಾರದು.

ಪಡೆದವನ ಋಣವಾದರೂ ಕೊಟ್ಟವನಿಗೆ ಹಿಂದಿರುಗಿಸಿ ತೀರುವಂತಹದಲ್ಲ. ಕೊಟ್ಟವನ ಹೆಸರೇ ಎಷ್ಟೋ ವೇಳೆ ತಿಳಿದಿರುವುದಿಲ್ಲ. ಮುಂದೆ ಬರುವ ಅಪರಿಚಿತನಿಗೆ ಸಲ್ಲಿಸಿದಾಗಲೇ ಅದು ತೀರುವುದು. ಹುಬ್ಬಳ್ಳಿ, ಧಾರವಾಡ, ಮಂಗಳೂರು, ಬೆಂಗಳೂರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ತಂತಮ್ಮ ಊರಿನ ಆಸ್ಪತ್ರೆಗೆ ಬಂದ ಒಂದು ಕುಟುಂಬಕ್ಕೆ ದಾರಿ ತೋರಿದರೂ ಸಾಕು. ದಾನಿಗಳು ಹೆಸರು ಕೆತ್ತಿದ ಮತ್ತೊಂದು ಕಲ್ಲಿಗೆ ಬದಲಾಗಿ ಆಸ್ಪತ್ರೆಯ ಬಳಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು ತೆರೆದಿಡಲಿ. ನೊಂದವರನ್ನು ಕಂಡಾಗ “ನೀವು ಯಾರು?” ಎಂದು ಕೇಳುವ ಮೊದಲು “ಊಟವಾಯಿತೆ?” ಎಂದು ಕೇಳುವುದನ್ನು ಉಪಾಧ್ಯಾಯರು ಮಕ್ಕಳಿಗೆ ಕಲಿಸಲಿ. ವಿದ್ಯಾದಾನವು ಅಭಯದಾನದಲ್ಲಿ ಫಲಿಸುವ ಬಗೆ ಇದು.