ಮೊದಲು ಪರೀಕ್ಷೆಯಾಗಲಿ, ಅದೂ ನಮ್ಮ ಜಿಲ್ಲೆಯಲ್ಲೇ

ಅಣ್ಣಿಗೇರಿಯಲ್ಲಿ ನನ್ನದು ಕಟಿಂಗ್ ಅಂಗಡಿ, ತಂದೆಯ ಕಾಲದಿಂದ ನಡೆದು ಬಂದದ್ದು. ತಲೆಯ ಹಿಂದೆ ರೂಪಾಯಿ ಅಗಲದ ನುಣ್ಣನೆಯ ಬೋಳು ಬಿದ್ದರೆ ಅದನ್ನು ಮೊದಲು ಕಾಣುವವನು ನಾನು. ಎರಡು ಕನ್ನಡಿ ಹಿಡಿದು ಗಿರಾಕಿಗೆ ತೋರಿಸುವವನೂ ನಾನೇ. ಮಂದಿ ‘ಹುಳ ತಿಂದೈತಿ’ ಅನ್ನುತ್ತಾರೆ. ನಿನ್ನ ಬ್ಲೇಡಿನಿಂದಲೇ ಬಂತು ಎಂದು ಜಗಳಕ್ಕೆ ನಿಂತವರೂ ಇದ್ದಾರೆ. ಆದರೆ ಹುಳಕ್ಕೂ ಬ್ಲೇಡಿಗೂ ಇದಕ್ಕೂ ಸಂಬಂಧವಿಲ್ಲ. ಅಲೋಪೇಶಿಯಾ ಏರಿಯೇಟಾ ಎಂಬ ಈ ಕಾಯಿಲೆಯಲ್ಲಿ ರೋಗದ ಜೊತೆ ಹೋರಾಡಬೇಕಾದ ಬಿಳಿ ರಕ್ತಕಣಗಳೇ ಕೂದಲಿನ ಬುಡದ ಮೇಲೆ ಏರಿಹೋಗುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ನೂರರಲ್ಲಿ ಸುಮಾರು ಇಬ್ಬರಿಗೆ ಬದುಕಿನಲ್ಲಿ ಯಾವಾಗಲಾದರೂ ಇದು ಬರುತ್ತದೆ.

ಇದಕ್ಕೆ ಸ್ಟೆಮ್ ಸೆಲ್ ಚಿಕಿತ್ಸೆ ಇದೆಯಂತೆ ಎಂಬ ಮಾತು ಈಗ ಹಳ್ಳಿಗಳಿಗೂ ಬಂದಿದೆ. ಹೋದ ಬೇಸಿಗೆಯಲ್ಲಿ ನವಲಗುಂದ ಕಡೆಯ ತಾಯಿಯೊಬ್ಬರು, ಅಂಗಡಿಯಲ್ಲಿ ಯಾರೂ ಇಲ್ಲದ ಮಧ್ಯಾಹ್ನದ ಹೊತ್ತು ನೋಡಿ, ಹೈಸ್ಕೂಲು ಓದುವ ಮಗಳನ್ನು ಕರೆತಂದರು. “ಅಣ್ಣಾರ, ಪೂರಾ ಬೋಳಿಸಿಬಿಡ್ರಿ, ದಟ್ಟಗ ಬರತಾವಂತ” ಎಂದರು. ಹುಡುಗಿ ಓಢಣಿ ಸರಿಸಿದಳು. ನಾಲ್ಕಾರು ಬೋಳುಗಳು ಒಂದಕ್ಕೊಂದು ಕೂಡುತ್ತಿದ್ದವು. ಅಂಚಿನಲ್ಲಿ ಮುರಿದ ಮೋಟು ಕೂದಲು, ತುದಿ ದಪ್ಪ, ಬುಡ ತೆಳ್ಳಗೆ. “ಉಗುರು ತೋರಸವ್ವಾ” ಎಂದೆ. ಸೂಜಿಮೊನೆಯಷ್ಟು ಸಣ್ಣ ತಗ್ಗುಗಳು ಸಾಲಾಗಿದ್ದವು. ಬೋಳಿಸಿದರೆ ಏನೂ ಆಗೂದಿಲ್ಲ, ಚರ್ಮದ ಡಾಕ್ಟರಿಗೆ ತೋರಿಸಿರಿ ಎಂದೆ. “ತೋರಿಸೇವ್ರಿ. ಒಂದು ಕಡೆ ಸ್ಟೆಮ್ ಸೆಲ್ ಮಾಡತೀವಿ ಅಂದಾರ. ಕಡಲಿ ಮಾರಿದ ರೊಕ್ಕ ಸಾಲೂದಿಲ್ಲ, ಬಂಗಾರ ಅಡವು ಇಡಬೇಕು” ಎಂದರು ಆ ತಾಯಿ.

ಆ ರಾತ್ರಿ ನನಗೆ ಊಟ ಸೇರಲಿಲ್ಲ. ನರ್ಸಿಂಗ್ ಓದುವ ನನ್ನ ಮಗಳನ್ನು ಕೂರಿಸಿಕೊಂಡು ಇದರ ಮೂಲ ಏನು ಎಂದು ಕೇಳಿದೆ. ಆಸೆಗೆ ಬುಡವೇ ಇಲ್ಲವೆಂದಲ್ಲ. ಈ ಕಾಯಿಲೆಯಲ್ಲಿ ಕೂದಲಿನ ಬೇರು ಸಾಯುವುದಿಲ್ಲ, ದಾಳಿ ನಿಂತರೆ ಮತ್ತೆ ಚಿಗುರಬಹುದು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೋಗಿಯ ರಕ್ತದ ಬಿಳಿ ಕಣಗಳನ್ನು ಬೇರ್ಪಡಿಸಿ, ಹೊಕ್ಕುಳಬಳ್ಳಿ ರಕ್ತದ ಸ್ಟೆಮ್ ಸೆಲ್‌ಗಳ ಜೊತೆ ಕೆಲಹೊತ್ತು ಇರಿಸಿ, ಮರಳಿ ದೇಹಕ್ಕೆ ಬಿಟ್ಟರು. ಕೂದಲು ಬಂತು ಎಂದು ವರದಿಯಾಯಿತು. ಆದರೆ ರೋಗಿಗಳಿದ್ದದ್ದು ಒಂಬತ್ತೇ ಮಂದಿ. ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ.

ಹೋಲಿಕೆ ಯಾಕೆ ಬೇಕು ಎಂಬುದನ್ನು ನನ್ನ ಕುರ್ಚಿಯೇ ನನಗೆ ಕಲಿಸಿದೆ. ಗುಲಗಂಜಿ ತೇಯ್ದು ಹಚ್ಚಿದವರಿಗೆ ಕೂದಲು ಬಂದಿದೆ, ಬಳ್ಳೊಳ್ಳಿ ತಿಕ್ಕಿದವರಿಗೆ ಬಂದಿದೆ, ಏನೂ ಮಾಡದೆ ಟೊಪ್ಪಿಗೆ ಹಾಕಿಕೊಂಡು ತಿರುಗಿದವರಿಗೂ ಬಂದಿದೆ. ಮೊದಲು ಬೆಳ್ಳಗೆ ಹುಟ್ಟಿ ಆಮೇಲೆ ಕಪ್ಪಾಗುತ್ತದೆ. ಕಾಯಿಲೆ ತಲೆಯ ತುಂಬ ಹರಡಿದವರಲ್ಲಿ ತಾನಾಗಿ ಬರುವುದು ಕಡಿಮೆ, ಆದರೂ ಇಲ್ಲವೇ ಇಲ್ಲ. ಬ್ಯಾರಿಸಿಟಿನಿಬ್ ಎಂಬ ಮಾತ್ರೆಯನ್ನು 1,200 ರೋಗಿಗಳ ಮೇಲೆ ಪರೀಕ್ಷಿಸಿದಾಗ ಬರೀ ಹುಸಿ ಮಾತ್ರೆ ನುಂಗಿದವರಲ್ಲೂ ನೂರಕ್ಕೆ ಮೂರರಿಂದ ಆರು ಮಂದಿಗೆ 36 ವಾರಗಳಲ್ಲಿ ತಲೆ ಬಹುಪಾಲು ತುಂಬಿತ್ತು. ಹೆಚ್ಚಿನ ಪ್ರಮಾಣದ ಮಾತ್ರೆ ತೆಗೆದುಕೊಂಡವರಲ್ಲಿ ಆ ಲೆಕ್ಕ 35ರಿಂದ 40ರ ನಡುವೆ. ಅಷ್ಟು ನೋಡಿದ ಮೇಲೆಯೇ 2022ರ ಜೂನ್‌ನಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಆ ಮಾತ್ರೆ ಬಿಟ್ಟರೆ ಕೂದಲು ಮತ್ತೆ ಉದುರುವುದುಂಟು. ಅದಕ್ಕೇ ಸ್ಟೆಮ್ ಸೆಲ್ ಪರೀಕ್ಷೆ ನಿಲ್ಲಬಾರದು, ಇನ್ನೂ ದೊಡ್ಡದಾಗಿ ನಡೆಯಬೇಕು ಎನ್ನುವವನು ನಾನು.

ಪರೀಕ್ಷೆಯಾಗದ್ದನ್ನು ಮಾರುವುದನ್ನು ಮಾತ್ರ ಒಪ್ಪಲಾರೆ. ಐಸಿಎಂಆರ್ ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲೇ ಮಾರ್ಗಸೂಚಿ ಕೊಟ್ಟಿವೆ. ಕೆಲವು ರಕ್ತದ ಕಾಯಿಲೆಗಳಂಥವಕ್ಕೆ ಮಾಡುವ, ಒಪ್ಪಿತವಾದ ಸ್ಟೆಮ್ ಸೆಲ್ ಕಸಿ ಬಿಟ್ಟು ಉಳಿದದ್ದೆಲ್ಲ ಅನುಮತಿ ಪಡೆದ ಪ್ರಯೋಗದಲ್ಲಷ್ಟೇ ನಡೆಯಬೇಕು. ಕೂದಲಿಗೆಂದು ಬಂಗಾರ ಅಡವಿಡಿಸುವವರು ಯಾವ ಪ್ರಯೋಗ ನಡೆಸುತ್ತಿದ್ದಾರೆ?

ನೇರ ದಾರಿ ನಮ್ಮ ರಾಜ್ಯದಲ್ಲೇ ಇದೆ. 2006ರಲ್ಲಿ ಶುರುವಾದ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್, ತಂಬಾಕಿನ ಚಟದಿಂದ ರಕ್ತನಾಳ ಕಟ್ಟಿ ಕಾಲು ಕೊಳೆಯುವ ಬರ್ಜರ್ ಕಾಯಿಲೆಗೆ ದಾನಿಗಳ ಅಸ್ಥಿಮಜ್ಜೆಯ ಕೋಶಗಳನ್ನು ಪರೀಕ್ಷಿಸಿ, 2016ರಲ್ಲಿ ಸರ್ಕಾರದ ಸೀಮಿತ ಒಪ್ಪಿಗೆ ಪಡೆಯಿತು. ಹತ್ತು ವರ್ಷ ಹಿಡಿಯಿತು. ಹಿಡಿಯಲಿ.

ಕೂದಲಿನ ಕಾಯಿಲೆಗೂ ಅಂಥ ಪ್ರಯೋಗ ಬಂದಾಗ ಹುಬ್ಬಳ್ಳಿಯ ಕೆಎಂಸಿ, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಗಳಲ್ಲೂ ನಡೆಯಲಿ. ಕುಂದಗೋಳ, ಕಲಘಟಗಿಯ ಹುಡುಗಿಯರಿಗೆ ಬಸ್ ಚಾರ್ಜು, ಕೂಡ ಬರುವ ತಾಯಿಗೆ ಆ ದಿನದ ಕೂಲಿ ಸಿಗಲಿ. ಒಪ್ಪಿಗೆ ಪತ್ರ ಓದಿದರೆ ತಿಳಿಯುವ ಕನ್ನಡದಲ್ಲಿರಲಿ. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕೆಂದು 2019ರ ನಿಯಮ ಹೇಳುತ್ತದೆ, ಅದನ್ನೂ ಮೊದಲೇ ಬಾಯಿಬಿಟ್ಟು ಹೇಳಲಿ. ಅಲ್ಲಿಯವರೆಗೆ ಸ್ಟೆಮ್ ಸೆಲ್ ಎಂದು ಕೇಳಿಕೊಂಡು ಬಂದವರಿಗೆ ನಾನು ಎರಡೇ ಮಾತು ಬರೆದು ಕೊಡುತ್ತಿದ್ದೇನೆ: ದೇಶದ ಪ್ರಯೋಗ ನೋಂದಣಿಯಾದ ಸಿಟಿಆರ್‌ಐನಲ್ಲಿ ನಿಮ್ಮ ನಂಬರ್ ಯಾವುದು? ಪ್ರಯೋಗವಾದರೆ ನಮ್ಮಿಂದ ರೊಕ್ಕ ಯಾಕೆ?