ಧಾರಣೆ ತರಲು ರಿಕ್ವೆಸ್ಟ್ಸ್ ಸಾಕು

ಕೇಂದ್ರ ಸರ್ಕಾರದ ಡೇಟಾ ಡಾಟ್ ಗವ್ ಡಾಟ್ ಇನ್ ತಾಣ ದೇಶದ ಕೃಷಿ ಮಾರುಕಟ್ಟೆಗಳ ದಿನದ ಕನಿಷ್ಠ, ಗರಿಷ್ಠ, ಮಾದರಿ ದರಗಳನ್ನು ಎಪಿಐ ಮೂಲಕ ಕೊಡುತ್ತದೆ. ನೋಂದಾಯಿಸಿಕೊಂಡು ಕೀ ಪಡೆದರೆ, ಪೈಥಾನ್‌ನಲ್ಲಿ ನಾಲ್ಕಾರು ಸಾಲು ಬರೆದು ನಮ್ಮ ಜಿಲ್ಲೆಯ ಮೆಕ್ಕೆಜೋಳ, ಈರುಳ್ಳಿ ಧಾರಣೆ ತರಿಸಿಕೊಳ್ಳಬಹುದು. ಆ ನಾಲ್ಕಾರು ಸಾಲಿಗೆ ಯಾವ ಲೈಬ್ರರಿ ಎಂಬುದೇ ನಮ್ಮ ಸ್ಟ್ರಿಂಗರ್ ಬಳಗದಲ್ಲಿ ಮುಗಿಯದ ವಾದ.

ನಮ್ಮ ಮತ ರಿಕ್ವೆಸ್ಟ್ಸ್‌ಗೆ. 2011ರಿಂದ ಬಳಕೆಯಲ್ಲಿದೆ, ಎಡವಿದರೆ ಹುಡುಕಿದಲ್ಲೆಲ್ಲ ಉತ್ತರ ಸಿಗುತ್ತದೆ. ಪೈಥಾನ್ ಜೊತೆಗೇ ಬರುವ ಯುಆರ್‌ಎಲ್‌ಲಿಬ್‌ನಲ್ಲಿ ವಿಳಾಸಕ್ಕೆ ಪ್ಯಾರಾಮೀಟರ್ ಪೋಣಿಸುವುದು, ಬಂದದ್ದನ್ನು ಜೇಸನ್ ಆಗಿ ಬಿಡಿಸುವುದು ಎಲ್ಲ ನಮ್ಮ ಪಾಲಿಗೇ ಬೀಳುತ್ತದೆ. ಇನ್ನು ಎಐಒಎಚ್‌ಟಿಟಿಪಿ ನೂರಾರು ಕರೆಗಳನ್ನು ಒಟ್ಟಿಗೆ ಮಾಡುವವರಿಗೆ. ದಿನಕ್ಕೆ ಆರು ಮಾರುಕಟ್ಟೆಯ ದರ ಕೇಳುವವರಿಗೆ ಅದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

ಯಾರೋ ಬರೆದಿಟ್ಟ ಸಿದ್ಧ ಪ್ಯಾಕೇಜ್ ಹಾಕಿಕೊಂಡರೆ ಒಂದೇ ಸಾಲಲ್ಲಿ ಕೆಲಸ ಮುಗಿಯುತ್ತದಲ್ಲ ಎನ್ನುವವರೂ ಇದ್ದಾರೆ. ಸರಿಯೇ. ಆದರೆ ಅದು ಒಳಗೆ ಯಾವ ವಿಳಾಸಕ್ಕೆ ಹೋಯಿತು, ಖಾಲಿ ಇದ್ದ ದರವನ್ನು ಸೊನ್ನೆ ಮಾಡಿತೇ, ಎಷ್ಟು ಸಾಲು ಬಿಟ್ಟಿತು ಎಂಬುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಾವು ಹಾಕಿದ ಧಾರಣೆ ನೋಡಿ ಟ್ರಾಕ್ಟರ್ ಯಾವ ಯಾರ್ಡಿಗೆ ಹೊರಡಬೇಕು ಎಂದು ತೀರ್ಮಾನಿಸುವ ರೈತರಿದ್ದಾರೆ. ಡೀಸೆಲ್ ಖರ್ಚು ಅವರದು. ಹಾಗಾಗಿ ಅಂಕಿ ಬಂದ ದಾರಿ ವರದಿಗಾರನಿಗೆ ಕಾಣಲೇಬೇಕು.

ರಿಕ್ವೆಸ್ಟ್ಸ್‌ಗೂ ಎರಡು ಕೆಟ್ಟ ಗುಣಗಳಿವೆ, ಅದರ ಅಭಿಮಾನಿಗಳು ಹೇಳುವುದಿಲ್ಲ. ಟೈಮ್‌ಔಟ್ ನಾವೇ ಕೊಡದಿದ್ದರೆ, ಸರ್ವರ್ ಉತ್ತರಿಸದಿದ್ದಾಗ ಅದು ಕಾಯುತ್ತಲೇ ಕೂರುತ್ತದೆ. ಸಂಜೆ ಡೆಸ್ಕಿನಿಂದ ಫೋನ್ ಬರುತ್ತಿರುತ್ತದೆ. ಈ ವಿಷಯದಲ್ಲಿ ಎಚ್‌ಟಿಟಿಪಿಎಕ್ಸ್ ಜಾಣ, ತಾನಾಗಿಯೇ 5 ಸೆಕೆಂಡಿಗೆ ಕೈಬಿಡುತ್ತದೆ. ಎರಡನೆಯದು, ಸರ್ವರ್ 404 ಅಥವಾ 500 ಎಂದರೂ ರಿಕ್ವೆಸ್ಟ್ಸ್ ತಾನಾಗಿ ತಕರಾರು ತೆಗೆಯುವುದಿಲ್ಲ. ‘ರೈಸ್ ಫಾರ್ ಸ್ಟೇಟಸ್’ ಎಂಬ ಆಜ್ಞೆ ಬರೆದರಷ್ಟೇ ತಪ್ಪೆಂದು ಹೇಳಿ ನಿಲ್ಲುತ್ತದೆ. ಎರಡಕ್ಕೂ ಪರಿಹಾರ ಒಂದೊಂದು ಸಾಲು ಅಷ್ಟೇ, ಆದ್ದರಿಂದ ನಾವು ಪಕ್ಷ ಬದಲಿಸಿಲ್ಲ.

ಲೈಬ್ರರಿ ಯಾವುದೇ ಇರಲಿ, ತಾಣ ಕೊಡುವ ಮಾದರಿ ಕೀ ಹಾಕಿದರೆ ಒಮ್ಮೆಗೆ 10 ದಾಖಲೆ ಮಾತ್ರ ಬರುತ್ತದೆ. ಪಟ್ಟಿಯಲ್ಲಿ ನಮ್ಮ ಯಾರ್ಡ್ ಇಲ್ಲದ ಮಾತ್ರಕ್ಕೆ ಅಲ್ಲಿ ಆವಕವೇ ಇಲ್ಲ ಎಂದು ಬರೆಯುವ ಮೊದಲು ಸ್ವಂತ ಕೀ ಹಾಕಿ ನೋಡಿ, ದಾಖಲೆಯಲ್ಲಿರುವ ಆವಕದ ದಿನಾಂಕವನ್ನೂ ಓದಿ. ಆಮೇಲೂ ಅನುಮಾನವಿದ್ದರೆ ಎಪಿಎಂಸಿಗೆ ಒಂದು ಫೋನ್ ಮಾಡಿ.