ಮೂರು ಪಾಯಿಂಟ್‌ ಆಚೆಗೂ ಒಂದು ಕೆಲಸ ಇದೆ

2014ರಲ್ಲಿ ಇಂಗ್ಲೆಂಡಿನ ಬಿಆರ್‌ಡಿಸಿ ಫಾರ್ಮುಲಾ 4 ಚಾಂಪಿಯನ್‌ಶಿಪ್‌ನಲ್ಲಿ ಇಬ್ಬರು ಹುಡುಗರ ನಡುವೆ ಕಡೇ ಗಳಿಗೆಯವರೆಗೂ ಜಿದ್ದಾಜಿದ್ದಿ. ಇಬ್ಬರಿಗೂ 16 ವರ್ಷ. ಕೊನೆಗೆ ಒಬ್ಬ ಗೆದ್ದ, ಇನ್ನೊಬ್ಬ ಸೋತ. ಅಂತರ ಬರೀ 3 ಪಾಯಿಂಟ್. ಗೆದ್ದವನ ಹೆಸರು ಜಾರ್ಜ್ ರಸೆಲ್. ಹೌದು, ಈಗ ಮರ್ಸಿಡಿಸ್‌ಗೆ ಫಾರ್ಮುಲಾ 1 ಓಡಿಸ್ತಾನಲ್ಲ, ಅವನೇ. ಸೋತವನು ನಮ್ಮ ಬೆಂಗಳೂರಿನ ಅರ್ಜುನ್ ಮೈನಿ.

ರಸೆಲ್ ಕಥೆ ಎಲ್ಲರಿಗೂ ಗೊತ್ತು. ನನಗೆ ಕುತೂಹಲ ಇರೋದು ಅರ್ಜುನ್ ಆಮೇಲೆ ಏನಾದ ಅನ್ನೋದರ ಬಗ್ಗೆ. ಯಾಕಂದ್ರೆ ಆಫೀಸಿನಲ್ಲಿ ಕೂತು ಮೊಬೈಲ್ ನೋಡುವ ನಾವು ನೀವು ಬಹುತೇಕ ಆ ಮೂರು ಪಾಯಿಂಟ್‌ನ ಈಚೆ ಕಡೆಯವರೇ.

2011ರಲ್ಲಿ ಫೋರ್ಸ್ ಇಂಡಿಯಾ ತಂಡ ದೇಶದ ತುಂಬ ಹುಡುಕಿ ಮೂವರು ಎಳೆಯ ಪ್ರತಿಭೆಗಳನ್ನು ಆರಿಸಿತು. ಅದರಲ್ಲಿ ಅರ್ಜುನ್ ಒಬ್ಬ. 2017ರಲ್ಲಿ ಬಾರ್ಸಿಲೋನಾದಲ್ಲಿ ಜಿಪಿ3 ರೇಸ್ ಗೆದ್ದ; ಆ ಸರಣಿಯಲ್ಲಿ ಗೆದ್ದ ಮೊದಲ ಭಾರತೀಯ ಅವನೇ. ಅದೇ ವರ್ಷ ಫಾರ್ಮುಲಾ 1ರ ಹಾಸ್ ತಂಡ ಡೆವಲಪ್‌ಮೆಂಟ್ ಡ್ರೈವರ್ ಅಂತ ಸೇರಿಸಿಕೊಂಡಿತು. ಇನ್ನೇನು ಒಂದೇ ಮೆಟ್ಟಿಲು ಅನ್ನುವ ಹಾಗಿತ್ತು. 2018ರಲ್ಲಿ ಫಾರ್ಮುಲಾ 2ಕ್ಕೆ ಬಂದ. ಆ ವರ್ಷ ಸಿಲ್ವರ್‌ಸ್ಟೋನ್‌ನಲ್ಲಿ, ರೇಸ್ ಮುಗಿದ ಮೇಲೆ, ಅವನದೇ ತಂಡದ ಜೊತೆಗಾರ ಬೇಕಂತಲೇ ಬಂದು ಕಾರಿಗೆ ಗುದ್ದಿದ. ಆ ಹುಡುಗನಿಗೆ 4 ರೇಸ್ ನಿಷೇಧ ಆಯ್ತು, ತಂಡವೂ ಅವನನ್ನು ಹೊರಗೆ ಹಾಕಿತು. ಆದರೆ ಅರ್ಜುನನ ಆ ಸೀಸನ್ ವಾಪಸ್ ಬರಲಿಲ್ಲ. ಫಾರ್ಮುಲಾ 1ರ ಬಾಗಿಲೂ ತೆರೆಯಲಿಲ್ಲ.

ಇಲ್ಲಿಗೆ ಕಥೆ ಮುಗೀತು ಅಂತ ಬಹಳ ಜನ ಅಂದುಕೊಳ್ತಾರೆ. ಅವನು ಅಂದುಕೊಳ್ಳಲಿಲ್ಲ. 2019ರಲ್ಲಿ 24 ಗಂಟೆ ಓಡುವ ಲ ಮಾನ್ಸ್ ರೇಸಿಗೆ ಇಳಿದ. 2021ರಲ್ಲಿ ಜರ್ಮನಿಯ ಡಿಟಿಎಂ ಸರಣಿಗೆ ಹೋದ. ಅಲ್ಲಿಗೆ ಹೋದ ಮೊದಲ ಭಾರತೀಯ. ಮೇಲೆ ಚಾವಣಿ ಇರುವ, ನೋಡಲಿಕ್ಕೆ ರಸ್ತೆ ಕಾರಿನಂಥದೇ ಕಾರುಗಳ ರೇಸ್ ಅದು. ಮೊದಲು ಮರ್ಸಿಡಿಸ್, 2025ರಲ್ಲಿ ಫೋರ್ಡ್ ಮಸ್ಟಾಂಗ್. ಈ ಜಗತ್ತಿನಲ್ಲಿ ಕಾರು ಕಂಪನಿಗಳು, ತಂಡಗಳು ಒಳ್ಳೆಯ ಡ್ರೈವರ್‌ಗಳನ್ನು ದುಡ್ಡು ಕೊಟ್ಟು ಇಟ್ಟುಕೊಳ್ತವೆ. ಫಾರ್ಮುಲಾ 2ರಲ್ಲಿ ಉಲ್ಟಾ. ಅಲ್ಲಿ ಸೀಟಿಗೆ ಡ್ರೈವರೇ ದುಡ್ಡು ತರಬೇಕು, ಒಂದು ಸೀಸನ್‌ಗೆ ಕೋಟಿಗಟ್ಟಲೆ.

ಈಗ ತಮ್ಮನ ಕಡೆ ಬನ್ನಿ. ಕುಶ್ ಮೈನಿ, ಹುಟ್ಟಿದ್ದು 2000ದಲ್ಲಿ. 2020ರಲ್ಲಿ ಬ್ರಿಟಿಷ್ ಫಾರ್ಮುಲಾ 3ರಲ್ಲಿ ಎರಡನೇ ಸ್ಥಾನ. 2023ರಿಂದ ಫಾರ್ಮುಲಾ 2. ಅಲ್ಲಿ ಎಲ್ಲರಿಗೂ ಒಂದೇ ಥರದ ಕಾರು, ಒಂದೇ ಎಂಜಿನ್. ಅಭ್ಯಾಸಕ್ಕೆ ಸಿಗೋದು 45 ನಿಮಿಷ, ಅರ್ಹತಾ ಸುತ್ತು 30 ನಿಮಿಷ. ಪವರ್ ಸ್ಟೀರಿಂಗ್ ಇಲ್ಲ. ನಮ್ಮ ಎಮ್ಮಿಗನೂರಿನ ಗದ್ದೆ ಕೆಸರಿನಲ್ಲಿ ಹಳೇ ಟ್ರ್ಯಾಕ್ಟರ್ ತಿರುಗಿಸಿದವರಿಗೆ ರಟ್ಟೆ ಹೇಗೆ ನೋಯ್ತದೆ ಅಂತ ಗೊತ್ತು. ಅದನ್ನೇ ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಮಾಡ್ಬೇಕು ಅಂದುಕೊಳ್ಳಿ.

2024ರಲ್ಲಿ ಬಹ್ರೇನ್‌ನ ಮೊದಲ ಅರ್ಹತಾ ಸುತ್ತಿನಲ್ಲೇ ಕುಶ್ ಎಲ್ಲರಿಗಿಂತ ವೇಗ. ಸಂಭ್ರಮ ಮುಗಿಯೋ ಮೊದಲೇ ಕಾರಿನ ಅಳತೆ ನಿಯಮಕ್ಕೆ ಹೊಂದಲಿಲ್ಲ ಅಂತ ಅನರ್ಹ ಮಾಡಿದರು. ಮೊದಲಿದ್ದವನು ಕೊನೆಗೆ. ಅದೇ ವರ್ಷ ಹಂಗೇರಿಯಲ್ಲಿ ಎರಡನೆಯವನಾಗಿ ಗೆರೆ ದಾಟಿದ. ಗೆದ್ದವನ ಕಾರು ತಾಂತ್ರಿಕ ತಪಾಸಣೆಯಲ್ಲಿ ಅನರ್ಹವಾಗಿ ಗೆಲುವು ಇವನಿಗೆ ಬಂತು. ಕಿತ್ತುಕೊಂಡ ನಿಯಮ ಪುಸ್ತಕವೇ ಕೊಟ್ಟಿತು ಅನ್ನಿ. ಆದರೆ ನನ್ನನ್ನು ಕಾಡೋದು ಬೇರೆ ಸಂಗತಿ. ಆ ವರ್ಷ ಅವನದೇ ತಂಡದ ಗೇಬ್ರಿಯಲ್ ಬೋರ್ಟೊಲೆಟೊ ಚಾಂಪಿಯನ್ ಆಗಿ 2025ಕ್ಕೆ ಫಾರ್ಮುಲಾ 1 ಸೇರಿದ. ಅದೇ ತಂಡ, ಅಂಥದೇ ಕಾರು. ಕುಶ್ 13ನೇ ಸ್ಥಾನ. ಪಕ್ಕದ ಸೀಟಿನವನಿಗೆ ಪ್ರಮೋಷನ್ ಆದ ದಿನ ಆಫೀಸಿಗೆ ಹೋಗೋದು ಎಷ್ಟು ಕಷ್ಟ ಅಂತ ನಿಮಗೆ ಹೇಳಿಕೊಡಬೇಕಾ?

ಅವನು ಮಾರನೇ ವರ್ಷವೂ ಹೋದ. 2025ರ ಮೇ ತಿಂಗಳಲ್ಲಿ ಮೊನಾಕೋದ ಇಕ್ಕಟ್ಟಿನ ಬೀದಿಗಳಲ್ಲಿ ಸ್ಪ್ರಿಂಟ್ ರೇಸ್ ಗೆದ್ದ. ಮೊನಾಕೋದಲ್ಲಿ ಫಾರ್ಮುಲಾ 2 ಗೆದ್ದ ಮೊದಲ ಭಾರತೀಯ. ಆಗಲೇ ಆಲ್ಪೀನ್ ಫಾರ್ಮುಲಾ 1 ತಂಡದ ಮೀಸಲು ಡ್ರೈವರ್ ಕೂಡ ಆಗಿದ್ದ. ನಾರಾಯಣ್ ಕಾರ್ತಿಕೇಯನ್ 2005ರಲ್ಲಿ, ಕರುಣ್ ಚಾಂದೋಕ್ 2010ರಲ್ಲಿ ಫಾರ್ಮುಲಾ 1ಕ್ಕೆ ಕಾಲಿಟ್ಟರು. ಮೂರನೆಯವರು ಯಾರು ಅನ್ನೋ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ.

ಇದನ್ನೆಲ್ಲ ಡಿಗ್ರಿ ಓದುವ ನಮ್ಮ ಅಕ್ಕನ ಮಗನಿಗೆ ಹೇಳಿದೆ. ಅವನು ಪಟ್ಟಂತ ಅಂದ: "ಬಿಡು ಮಾಮ, ಅವರಪ್ಪ ಫ್ಯಾಕ್ಟರಿ ಇಟ್ಟೋರು. ನಮ್ಮಪ್ಪಗೆ ಮೂರು ಎಕರೆ ಭತ್ತದ ಗದ್ದೆ. ನಮ್ಮಂತೋರಿಗೆ ಆಗೋದಲ್ಲ ಇದು."

ಮಾತು ಸುಳ್ಳಲ್ಲ. ಮೈನಿ ಮನೆತನ ಉದ್ಯಮಿಗಳದು. ರೇವಾ ಎಲೆಕ್ಟ್ರಿಕ್ ಕಾರು ತಂದ ಚೇತನ್ ಮೈನಿ ಈ ಹುಡುಗರ ಚಿಕ್ಕಪ್ಪ. ಅಂಥ ಬೆನ್ನು ಇಲ್ಲದೆ ಯೂರೋಪಿನ ಈ ದಾರಿ ಹಿಡಿಯೋದು ಹೆಚ್ಚುಕಡಿಮೆ ಅಸಾಧ್ಯ. ಶ್ರಮಪಟ್ಟರೆ ಎಲ್ಲ ಆಗ್ತದೆ ಅಂತ ಅವನಿಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ.

ಐಶ್ವರ್ಯಾ ಪಿಸ್ಸೆ ಬಗ್ಗೆ ಹೇಳಿದೆ. ಅವಳೂ ಬೆಂಗಳೂರಿನವಳೇ. ಕಾರಲ್ಲ, ಬೈಕು. ವಾರಾಂತ್ಯದ ಸವಾರಿಯಿಂದ ಶುರುಮಾಡಿ ಟಿವಿಎಸ್ ರೇಸಿಂಗ್ ತಂಡದ ಸವಾರಳಾದಳು. 2018ರಲ್ಲಿ ಸ್ಪೇನಿನಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೇ ಪೆಟ್ಟಾಯ್ತು. ಮರುವರ್ಷ ಎಫ್‌ಐಎಂ ಬಾಹಾಸ್ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದಳು, 65 ಪಾಯಿಂಟ್. ಎರಡನೆಯವಳಿಗೆ 61. ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಪಡೆದ ಮೊದಲ ಭಾರತೀಯರು ಅವಳೇ. ರ‍್ಯಾಲಿ, ಬೈಕು, ಕಾರ್ಟಿಂಗ್ ಇವೂ ಅಗ್ಗವಲ್ಲ, ಆದರೆ ಬಾಗಿಲು ಸ್ವಲ್ಪ ಅಗಲ. ಇಲ್ಲಿ ಕಂಪನಿಗಳ ತಂಡಗಳಿವೆ, ಎಫ್‌ಎಂಎಸ್‌ಸಿಐ ಲೈಸೆನ್ಸ್ ಇದೆ, ಚೆನ್ನೈ ಮತ್ತು ಕೊಯಮತ್ತೂರಿನಲ್ಲಿ ಟ್ರ್ಯಾಕ್ ಇದೆ.

ಟ್ರ್ಯಾಕ್ ಅನ್ನೋದನ್ನು ಒತ್ತಿ ಹೇಳ್ತೀನಿ. ಸುಗ್ಗಿಯಲ್ಲಿ ನಮ್ಮ ಕಂಪ್ಲಿ ರಸ್ತೆಯ ಅರ್ಧ ಭಾಗದಲ್ಲಿ ಭತ್ತ ಒಣಗ್ತಾ ಇರ್ತದೆ, ಸಂಡೂರಿನ ಕಡೆ ಹೋದರೆ ಅದಿರಿನ ಲಾರಿಗಳು. ಅಲ್ಲಿ ರೀಲ್ಸ್‌ಗೋಸ್ಕರ ನೂರಿಪ್ಪತ್ತರಲ್ಲಿ ಬೈಕ್ ಓಡಿಸೋದು ರೇಸಿಂಗ್ ಅಲ್ಲ. ರೇಸರ್‌ಗೆ ಹೆಲ್ಮೆಟ್, ಬೆಂಕಿ ತಡೆಯುವ ಬಟ್ಟೆ, ಬಾವುಟ ಹಿಡಿದ ಮಾರ್ಷಲ್, ಕಾದು ನಿಂತ ಆಂಬುಲೆನ್ಸ್ ಎಲ್ಲ ಇರ್ತವೆ. ನಮ್ಮ ಹುಡುಗರಿಗೆ ಕಾದಿರೋದು ಅವರ ಅಮ್ಮ ಮಾತ್ರ.

ಇಡೀ ಕಥೆಯಲ್ಲಿ ನನಗೆ ಹಿಡಿಸಿದ್ದು ಅಣ್ಣನ ನಿರ್ಧಾರ. ಇಪ್ಪತ್ತರ ಆಸುಪಾಸಿನಲ್ಲಿ, ಹತ್ತು ವರ್ಷ ಕಂಡ ಕನಸು ಕೈಗೆ ಸಿಗೋದಿಲ್ಲ ಅಂತ ಗೊತ್ತಾದಾಗ ಅವನು ಸ್ಟೀರಿಂಗ್ ಬಿಡಲಿಲ್ಲ, ಕಾರು ಬದಲಾಯಿಸಿದ. ಕನಸಿನ ಒಳಗೆ ಒಂದು ಹೆಸರು ಇರ್ತದೆ, ಒಂದು ಕೆಲಸ ಇರ್ತದೆ. ಫಾರ್ಮುಲಾ 1 ಅನ್ನೋದು ಹೆಸರು. ಓಡಿಸೋದು ಕೆಲಸ. ಹೆಸರು ಕೈತಪ್ಪಿದಾಗ ಕೆಲಸವನ್ನೂ ಎಸೆಯಬೇಕಾಗಿಲ್ಲ.

ಐಎಎಸ್ ಪ್ರಿಲಿಮ್ಸ್ ಇರಲಿ, ಆ ಒಂದು ದೊಡ್ಡ ಕಂಪನಿ ಇರಲಿ, ನಿಮಗೂ ಒಂದು ಮೂರು ಪಾಯಿಂಟ್ ಇದ್ದೇ ಇರ್ತದೆ. ಅದರಲ್ಲಿ ನೀವು ಬಯಸಿದ್ದು ಹೆಸರನ್ನೋ ಕೆಲಸವನ್ನೋ, ಈ ಭಾನುವಾರ ಒಂದು ಗಂಟೆ ಫೋನ್ ಪಕ್ಕಕ್ಕಿಟ್ಟು ಯೋಚನೆ ಮಾಡಿ. ಕೆಲಸ ಅಂತಾದರೆ ನಿಮ್ಮ ಡಿಟಿಎಂ ಎಲ್ಲೋ ಇದೆ. ಹುಡುಕಿ.